ಎಂಟನೆಯ ಹ್ಯಾರಿ ಪಾಟರ್ ಕಾದಂಬರಿ ಇಲ್ಲ: ಶಾಲಾ ಗ್ರಂಥಪಾಲಕರಿಗೂ ಪುಸ್ತಕದಂಗಡಿಯವರಿಗೂ ಬಹಿರಂಗ ಪತ್ರ

ಮಾನ್ಯರೇ,

ಹ್ಯಾರಿ ಪಾಟರ್ ಕಾದಂಬರಿಗಳು ಒಟ್ಟು ಏಳು. ಮೊದಲನೆಯದು ಬಂದದ್ದು 1997ರ ಜೂನ್‌ನಲ್ಲಿ, ಕೊನೆಯದು 2007ರ ಜುಲೈನಲ್ಲಿ. ಆದರೆ ಅನೇಕ ಶಾಲೆಗಳ ಕಪಾಟಿನಲ್ಲೂ ಅಂಗಡಿಗಳ ಮಕ್ಕಳ ವಿಭಾಗದಲ್ಲೂ ಏಳರ ಪಕ್ಕಕ್ಕೆ ಒತ್ತಿಕೊಂಡು ಇನ್ನೊಂದು ನಿಂತಿರುತ್ತದೆ: 'ಹ್ಯಾರಿ ಪಾಟರ್ ಅಂಡ್ ದಿ ಕರ್ಸ್ಡ್ ಚೈಲ್ಡ್'. ಅದನ್ನು ಆ ಸಾಲಿನಿಂದ ತೆಗೆದು ನಾಟಕಗಳ ಸಾಲಿಗೆ ಹಾಕಿ ಎಂದು ಕೇಳುವುದಕ್ಕೆ ಈ ಪತ್ರ. ಬಿಸಾಡಿ ಎನ್ನುತ್ತಿಲ್ಲ, ಬೀರುವಿನಲ್ಲಿ ಬೀಗ ಹಾಕಿಡಿ ಎಂದೂ ಅಲ್ಲ. ಏಳು ಮುಗಿಸಿ ಬಂದ ಹುಡುಗಿಯ ಕೈಗೆ 'ತಗೋ, ಎಂಟನೆಯದು' ಎಂದು ಕೊಡಬೇಡಿ, ಅಷ್ಟೆ.

ಕಥೆಯನ್ನು ಪೂರ್ತಿ ಬಿಚ್ಚದೆ ಈ ವಾದ ಮಂಡಿಸಲಾಗದು. ಹಾಗಾಗಿ ಪತ್ರವನ್ನು ಮಕ್ಕಳು ಓದುವ ಸೂಚನಾ ಫಲಕಕ್ಕೆ ಅಂಟಿಸಬೇಡಿ.

ಮೊದಲು ಇದು ಏನೆಂಬುದು ಸ್ಪಷ್ಟವಾಗಲಿ. ಲಂಡನ್ನಿನ ಪ್ಯಾಲೇಸ್ ಥಿಯೇಟರಿನಲ್ಲಿ 2016ರ ಜುಲೈ 30ರಂದು ವಿಧ್ಯುಕ್ತವಾಗಿ ಶುರುವಾದ ನಾಟಕ ಇದು. ಎರಡು ಭಾಗ, ನಾಲ್ಕು ಅಂಕ. ಎರಡೂ ಭಾಗ ಕೂಡಿದರೆ ಐದು ಗಂಟೆಗೂ ಮೀರಿದ ಆಟ. ಮಾತು ಬರೆದವರು ಜಾಕ್ ಥಾರ್ನ್. ಕಥೆಯ ಎಳೆಯನ್ನು ಜೆ.ಕೆ. ರೋಲಿಂಗ್, ನಿರ್ದೇಶಕ ಜಾನ್ ಟಿಫನಿ ಮತ್ತು ಥಾರ್ನ್ ಮೂವರೂ ಕೂತು ಹೆಣೆದರು. ಮರುದಿನ, ಹ್ಯಾರಿಯ ಹುಟ್ಟುಹಬ್ಬವಾದ ಜುಲೈ 31ಕ್ಕೆ, ಅದರ ಸ್ಕ್ರಿಪ್ಟು ಪುಸ್ತಕವಾಗಿ ಬಂತು. ಹತ್ತೊಂಬತ್ತು ವರ್ಷಗಳ ಬಳಿಕದ ಎಂಟನೆಯ ಕಥೆ ಎಂದೇ ಪ್ರಚಾರ ನಡೆಯಿತು. ಅಮೆರಿಕ ಮತ್ತು ಕೆನಡಾದಲ್ಲಿ ಎರಡೇ ದಿನಕ್ಕೆ 20 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. ಒಯ್ದು ತೆರೆದರೆ ಒಳಗೆ ಅಂಕ, ದೃಶ್ಯ, ಪಾತ್ರದ ಹೆಸರು, ಎರಡೆರಡು ಸಾಲಿನ ಮಾತು. ಕಾದಂಬರಿ ಎಂದುಕೊಂಡು ಕೊಂಡು ಪೆಚ್ಚಾದವರು ಕಡಿಮೆಯಿಲ್ಲ. ಗಿರೀಶ ಕಾರ್ನಾಡರದೋ ಕೈಲಾಸಂ ಅವರದೋ ಪುಸ್ತಕ ಕೊಡುವಾಗ ನಾವು ನಾಟಕ ಎಂದು ಹೇಳಿಯೇ ಕೊಡುತ್ತೇವೆ. ಈ ಒಂದಕ್ಕೆ ಮಾತ್ರ ಆ ಮರ್ಯಾದೆ ತಪ್ಪಿತು.

ರೂಪದ ಸಮಸ್ಯೆ ಚಿಕ್ಕದೇನಲ್ಲ. ಏಳೂ ಕಾದಂಬರಿಗಳ ಬೆನ್ನೆಲುಬು ಶಾಲೆಯ ವರ್ಷ: ಸೆಪ್ಟೆಂಬರ್ ಒಂದರ ರೈಲು, ಪಾಠ, ಊಟ, ಕ್ರಿಸ್‌ಮಸ್, ಪರೀಕ್ಷೆ. ಕುತೂಹಲದ ಗಂಟು ಬಿಚ್ಚಿಕೊಳ್ಳುವುದು ಈ ದಿನಚರಿಯ ನಡುವೆಯೇ. ನಾಟಕದಲ್ಲಿ ಹ್ಯಾರಿಯ ಮಗ ಆಲ್ಬಸ್ ಹಾಗ್ವರ್ಟ್ಸ್ ಮಾಂತ್ರಿಕ ಶಾಲೆಯ ಸ್ಲಿದರಿನ್ ತಂಡಕ್ಕೆ ಬೀಳುತ್ತಾನೆ, ಹ್ಯಾರಿಯ ಹಳೆಯ ವೈರಿ ಡ್ರೇಕೊ ಮಾಲ್ಫಾಯ್ ಮಗ ಸ್ಕಾರ್ಪಿಯಸ್ ಗೆಳೆಯನಾಗುತ್ತಾನೆ, ಉಳಿದವರು ಅಣಕಿಸುತ್ತಾರೆ. ಹಾಗೆ ಮೂರು ವರ್ಷಗಳು ಮೊದಲ ಅಂಕದ ಒಂದೇ ಒಂದು ಓಡುವ ದೃಶ್ಯದಲ್ಲಿ ಮುಗಿದುಹೋಗುತ್ತವೆ. ಆಲ್ಬಸ್‌ಗೆ ಶಾಲೆ ಯಾಕೆ ನರಕ ಎಂದು ನಮಗೆ ಹೇಳುತ್ತಾರೆಯೇ ಹೊರತು ಅವನ ಜೊತೆ ಒಂದು ತರಗತಿಯಲ್ಲಿ ಹತ್ತು ನಿಮಿಷ ಕೂರಿಸುವುದಿಲ್ಲ. ರಂಗದ ಮೇಲೆ ನಟನ ಭುಜ ಕುಸಿದದ್ದನ್ನು ಕಂಡು ಪ್ರೇಕ್ಷಕ ಆ ಕೊರತೆ ತುಂಬಿಕೊಳ್ಳುತ್ತಾನೆ. ಹನ್ನೆರಡು ವರ್ಷದ ಓದುಗನ ಕೈಯಲ್ಲಿರುವುದು ಕಾಗದ ಮಾತ್ರ.

ಹಾಗೆಂದು ನಾಟಕವಾದದ್ದೇ ತಪ್ಪು ಎಂದು ಕೈತೊಳೆದುಕೊಂಡರೆ ಅಸಲಿ ಮಾತು ಉಳಿದುಹೋಗುತ್ತದೆ. ಇದನ್ನೇ 600 ಪುಟದ ಕಾದಂಬರಿ ಮಾಡಿದ್ದರೂ ಕಥೆ ಸೋರುತ್ತಿತ್ತು. ಸೋರುವ ಜಾಗ ಟೈಮ್-ಟರ್ನರ್, ಕಾಲದಲ್ಲಿ ಹಿಂದಕ್ಕೆ ಒಯ್ಯುವ ಯಂತ್ರ.

1999ರ ಮೂರನೆಯ ಕಾದಂಬರಿಯನ್ನು ಪಕ್ಕಕ್ಕೆ ಇಟ್ಟುಕೊಂಡು ನೋಡಿ. ಹ್ಯಾರಿಯ ಸಹಪಾಠಿ ಹರ್ಮಯನಿಯ ಕೊರಳಲ್ಲಿರುವ ಪುಟ್ಟ ಮರಳುಗಡಿಯಾರವನ್ನು ಮೂರು ಸಲ ತಿರುಗಿಸಿದರೆ ಮೂರು ಗಂಟೆ ಹಿಂದಕ್ಕೆ. ಹಿಂದೆ ಹೋದ ಮೇಲೆ ಅವಳೂ ಹ್ಯಾರಿಯೂ ಏನನ್ನೂ 'ಬದಲಿಸುವುದಿಲ್ಲ'. ಮೊದಲ ಸಲ ಕೇಳಿಸಿದ ಕೊಡಲಿಯ ಸದ್ದು ಮರಣದಂಡನೆಗೆ ಗುರಿಯಾದ ರೆಕ್ಕೆಯ ಪ್ರಾಣಿ ಬಕ್‌ಬೀಕ್‌ನ ಕತ್ತಿನ ಮೇಲೆ ಬಿದ್ದದ್ದಲ್ಲ, ತಲೆ ಕಡಿಯಲು ಬಂದವನು ಸಿಟ್ಟಿನಲ್ಲಿ ಬೇಲಿಗೆ ಬೀಸಿದ್ದು. ಕೆರೆಯಾಚೆ ನಿಂತು ಆತ್ಮ ಹೀರುವ ಡಿಮೆಂಟರ್‌ಗಳನ್ನು ಓಡಿಸಿದವನು ಸತ್ತ ಅಪ್ಪ ಎಂದು ಹ್ಯಾರಿ ನಂಬಿದ್ದ, ಅದು ಅವನೇ. ಅಂದರೆ ಆ ಮೂರು ಗಂಟೆ ನಡೆದದ್ದು ಒಂದೇ ಸಲ. ನಾವು ಅದನ್ನು ಎರಡು ಕಡೆಯಿಂದ ನೋಡಿದೆವು. ಓದುತ್ತಿದ್ದ ಮಗು ಪುಟ ಹಿಂದಕ್ಕೆ ತಿರುವಿ 'ಹೌದಲ್ಲಾ, ಆಗಲೇ ಸುಳಿವು ಕೊಟ್ಟಿದ್ದಾರೆ' ಎಂದು ಬೀಗುವುದು ಈ ಕಟ್ಟುನಿಟ್ಟಿನಿಂದಲೇ. ಕಾಲದ ಜೊತೆ ಆಟವಾಡಿ ತಮ್ಮನ್ನೇ ತಾವು ಕೊಂದುಕೊಂಡ ಮಾಂತ್ರಿಕರಿದ್ದಾರೆ ಎಂದು ಹರ್ಮಯನಿ ಎಚ್ಚರಿಸುವುದು ನಿಜ. ಆದರೆ ಅದು ಕೇಳಿದ ಎಚ್ಚರಿಕೆ. ಪುಟದ ಮೇಲೆ ನಡೆದು ತೋರಿಸಿದ್ದು ಮುಚ್ಚಿದ ವೃತ್ತ.

ಇಂಥ ಯಂತ್ರ ಕೈಯಲ್ಲಿದ್ದರೆ ಮುಂದಿನ ಪ್ರತಿ ಸಾವಿಗೂ 'ಹಿಂದೆ ಹೋಗಿ ತಪ್ಪಿಸಬಾರದೇ' ಎಂಬ ಪ್ರಶ್ನೆ ಏಳುತ್ತದೆಂದು ರೋಲಿಂಗ್‌ಗೆ ಗೊತ್ತಿತ್ತು. ಐದನೆಯ ಪುಸ್ತಕದಲ್ಲಿ (2003) ಮಾಂತ್ರಿಕ ಸಚಿವಾಲಯದ ಟೈಮ್-ಟರ್ನರ್ ಬೀರುವೇ ಕಾಳಗದಲ್ಲಿ ಉರುಳಿಬೀಳುತ್ತದೆ. ಆರನೆಯದರಲ್ಲಿ ಸಚಿವಾಲಯದ ದಾಸ್ತಾನೆಲ್ಲ ಪುಡಿಯಾಯಿತೆಂದು ಹರ್ಮಯನಿಯ ಬಾಯಲ್ಲೇ ಹೇಳಿಸುತ್ತಾರೆ. ಬಾಗಿಲು ಹಾಕಿ ಬೀಗ ಜಡಿದ ಹಾಗೆ. ಸರಣಿ ಬರೆಯುವವರು ಕಲಿಯಬೇಕಾದ ಕಸುಬು ಅದು.

ನಾಟಕ ಅದೇ ಬಾಗಿಲನ್ನು ಒಡೆದು ಒಳಹೊಗುತ್ತದೆ. ಥಿಯೋಡೋರ್ ನಾಟ್ ಎಂಬವನ ಬಳಿ ಹೊಸ ಬಗೆಯ ಟೈಮ್-ಟರ್ನರ್ ಸಿಗುತ್ತದೆ. ಇದು ಗಂಟೆಗಳ ಲೆಕ್ಕದ್ದಲ್ಲ, ದಶಕಗಳದ್ದು. ಆದರೆ ಹೋದ ಜಾಗದಲ್ಲಿ ಐದೇ ನಿಮಿಷ ನಿಲ್ಲಬಹುದು. 2020ರಲ್ಲಿ ಆಲ್ಬಸ್ ಮತ್ತು ಸ್ಕಾರ್ಪಿಯಸ್ ಇದನ್ನು ಕದ್ದು, ನಾಲ್ಕನೆಯ ಪುಸ್ತಕದಲ್ಲಿ ಸತ್ತ ಸೆಡ್ರಿಕ್ ಡಿಗರಿಯನ್ನು ಉಳಿಸಲು 1994ಕ್ಕೆ ಹಾರುತ್ತಾರೆ. ಮೂರು ಶಾಲೆಗಳ ಟ್ರೈವಿಜರ್ಡ್ ಪಂದ್ಯಾವಳಿಯ ಮೊದಲ ಸ್ಪರ್ಧೆಯಲ್ಲಿ ಸೆಡ್ರಿಕ್‌ನ ಮಂತ್ರದಂಡ ಕೈಜಾರುವಂತೆ ಮಾಡುತ್ತಾರೆ. ಇಷ್ಟಕ್ಕೇ ವರ್ತಮಾನ ತಲೆಕೆಳಗು. ಮಂತ್ರ ಹಾಕಿದ ಹುಡುಗರು ಡರ್ಮ್‌ಸ್ಟ್ರಾಂಗ್ ಶಾಲೆಯ ನಿಲುವಂಗಿ ತೊಟ್ಟಿದ್ದರಿಂದ ಹರ್ಮಯನಿಗೆ ಆ ಶಾಲೆಯ ಕ್ರಮ್ ಮೇಲೆ ಅನುಮಾನ. ಅವನನ್ನು ಬಿಟ್ಟು ನೃತ್ಯಕ್ಕೆ ಹ್ಯಾರಿಯ ಗೆಳೆಯ ರಾನ್ ಜೊತೆ ಹೋಗುತ್ತಾಳೆ. ರಾನ್‌ಗೆ ಹೊಟ್ಟೆಕಿಚ್ಚು ಹುಟ್ಟುವುದಿಲ್ಲ, ಅದರಿಂದ ಚಿಗುರಬೇಕಿದ್ದ ಪ್ರೀತಿಯೂ ಇಲ್ಲ. ಅವನು ಪದ್ಮಾ ಪಾಟೀಲಳನ್ನು ಮದುವೆಯಾಗುತ್ತಾನೆ. ರಾನ್-ಹರ್ಮಯನಿಯ ಮಗಳು ರೋಸ್ ಹುಟ್ಟುವುದೇ ಇಲ್ಲ. (ಪದ್ಮಾಳ ಮಗನಿಗೆ ಇಟ್ಟ ಹೆಸರು 'ಪಂಜು'. ಬೆಳಗಾವಿ, ವಿಜಯಪುರದ ಕಡೆ ಪಾಟೀಲರಿಗೇನೂ ಬರವಿಲ್ಲ. ಮಗನಿಗೆ ಈ ಹೆಸರಿಟ್ಟ ಪಾಟೀಲರನ್ನು ಮಾತ್ರ ನಾವು ಕಾಣೆವು.)

ಎರಡನೆಯ ಪ್ರಯಾಣ ಇನ್ನೂ ದುಬಾರಿ. ಕೆರೆಯ ಸ್ಪರ್ಧೆಯಲ್ಲಿ ಸೆಡ್ರಿಕ್‌ನನ್ನು ಬಲೂನಿನಂತೆ ಊದಿಸಿ ಎಲ್ಲರೂ ನಗುವಂತೆ ಮಾಡುತ್ತಾರೆ. ಆ ಅವಮಾನಕ್ಕೆ ಸೆಡ್ರಿಕ್ ದುಷ್ಟ ಮಾಂತ್ರಿಕ ವೋಲ್ಡೆಮಾರ್ಟ್‌ನ ಪಡೆ ಸೇರಿ, ಹಾಗ್ವರ್ಟ್ಸ್ ಕಾಳಗದಲ್ಲಿ ಹ್ಯಾರಿಯ ಸಹಪಾಠಿ ನೆವಿಲ್‌ನನ್ನು ಕೊಲ್ಲುತ್ತಾನಂತೆ. ನೆವಿಲ್ ಇಲ್ಲದೆ ವೋಲ್ಡೆಮಾರ್ಟ್‌ನ ಆತ್ಮದ ತುಂಡಿರುವ ಹಾವು ಸಾಯುವುದಿಲ್ಲ, ಹಾವು ಸಾಯದೆ ವೋಲ್ಡೆಮಾರ್ಟ್ ಸಾಯುವುದಿಲ್ಲ, ಹ್ಯಾರಿ ಸಾಯುತ್ತಾನೆ. ಸರಪಳಿಯ ಕೊನೆಯ ಕೊಂಡಿಗಳು ಗಟ್ಟಿಯೇ. ಮೊದಲ ಕೊಂಡಿಯೇ ಹಸಿ ಮಣ್ಣು. ಸೆಡ್ರಿಕ್ ಯಾರು? ಮೂರನೆಯ ಪುಸ್ತಕದ ಕ್ವಿಡಿಚ್ ಪಂದ್ಯದಲ್ಲಿ ಡಿಮೆಂಟರ್‌ಗಳಿಂದಾಗಿ ಹ್ಯಾರಿ ಪೊರಕೆಯಿಂದ ಬಿದ್ದನೆಂದು ತಿಳಿದಾಗ, ತಾನು ಗೆದ್ದ ಆಟವನ್ನೇ ಮತ್ತೆ ಆಡೋಣ ಎಂದವನು. ನಾಲ್ಕನೆಯದರಲ್ಲಿ ಡ್ರ್ಯಾಗನ್ ವಿಷಯ ತಿಳಿಸಿದ ಹ್ಯಾರಿಗೆ ಪ್ರತಿಯಾಗಿ ಚಿನ್ನದ ಮೊಟ್ಟೆಯ ಸುಳಿವು ಕೊಟ್ಟವನು. ಪಂದ್ಯಾವಳಿಯ ಗೆಲುವಿನ ಕಪ್ಪು ಕೈಗೆಟುಕುವಷ್ಟು ಹತ್ತಿರವಿದ್ದರೂ 'ನೀನೇ ತಗೋ' ಎಂದವನು. ಒಂದು ಸಂಜೆ ಜನ ನಕ್ಕರೆಂದು ಇಂಥವನು ಕೊಲೆಗಾರನಾಗುತ್ತಾನೆ ಎಂದರೆ ನಾಲ್ಕನೆಯ ಪುಸ್ತಕದ ಕೊನೆಯಲ್ಲಿ ನಾವು ಅತ್ತದ್ದು ಯಾರಿಗೆ?

ಇಲ್ಲಿಯವರೆಗೂ ಸಮರ್ಥಕರು ಒಂದು ಮಾತು ಹೇಳಬಹುದು: ಇದು ಬೇರೆ ಯಂತ್ರ, ಬೇರೆ ನಿಯಮ, ಹಿಂದೆ ಹೋಗಿ ಮುಟ್ಟಿದರೆ ಮುಂದೆ ಬದಲಾಗುತ್ತದೆ. ಸರಿ, ಒಪ್ಪೋಣ. ಆದರೆ ನಾಲ್ಕನೆಯ ಅಂಕದಲ್ಲಿ ನಾಟಕ ತನ್ನ ನಿಯಮವನ್ನೇ ಮರೆಯುತ್ತದೆ. ವೋಲ್ಡೆಮಾರ್ಟ್‌ನ ಮಗಳು ಡೆಲ್ಫಿ ಹುಡುಗರನ್ನು 1981ರ ಅಕ್ಟೋಬರಿಗೆ ಎಳೆದೊಯ್ದು ಯಂತ್ರ ಒಡೆದುಹಾಕುತ್ತಾಳೆ. 2020ರಲ್ಲಿರುವ ಹ್ಯಾರಿಗೆ ಸುದ್ದಿ ಮುಟ್ಟಿಸಲು ಹುಡುಗರು ಕೂಸಾಗಿದ್ದ ಹ್ಯಾರಿಯ ಹೊದಿಕೆಯ ಮೇಲೆ ಡೆಮಿಗೈಸ್ ದ್ರಾವಣದಲ್ಲಿ ಕಾಣದ ಅಕ್ಷರ ಬರೆಯುತ್ತಾರೆ. ಅದಕ್ಕೆ ಮುತ್ತಿನ ಪುಡಿ ತಾಗಿದರೆ ಅಕ್ಷರದ ಜಾಗ ಸುಟ್ಟು ಕಾಣುತ್ತದೆ. 2020ರಲ್ಲಿ ಆಲ್ಬಸ್‌ನ ಕೋಣೆಯಲ್ಲಿ ರಾನ್ ಕೊಟ್ಟ ಪ್ರೇಮದ ಮದ್ದು ಅದೇ ಹೊದಿಕೆಯ ಮೇಲೆ ಚೆಲ್ಲಿದೆ, ಅದರಲ್ಲಿ ಮುತ್ತಿನ ಪುಡಿ ಇದೆ. ಹ್ಯಾರಿ ಓದುತ್ತಾನೆ. ಚಂದದ ಹೆಣಿಗೆ, ಮೂರನೆಯ ಪುಸ್ತಕಕ್ಕೆ ಒಪ್ಪುವಂಥದ್ದು. ಅಡಚಣೆ ಅಲ್ಲೇ ಇದೆ: ಇದು ಕೊಡಲಿ-ಬೇಲಿಯ ತರ್ಕ, ಮುಚ್ಚಿದ ವೃತ್ತ. ಆಮೇಲೆ ಹ್ಯಾರಿ, ಜಿನ್ನಿ, ರಾನ್, ಹರ್ಮಯನಿ, ಡ್ರೇಕೊ ಐವರೂ 1981ಕ್ಕೆ ಬಂದು ಊರ ಚರ್ಚಿನೊಳಗೆ ಡೆಲ್ಫಿಯ ಜೊತೆ ಹೊಡೆದಾಡುತ್ತಾರೆ. ಹಿಂತಿರುಗಿದರೆ 2020ರಲ್ಲಿ ಹುಲ್ಲುಕಡ್ಡಿಯೂ ಅಲುಗಿಲ್ಲ. ಒಂದು ಮಂತ್ರದಂಡ ಕೈಜಾರಿದ್ದಕ್ಕೆ ಒಂದು ಹೆಣ್ಣುಮಗುವೇ ಇಲ್ಲವಾದ ಲೋಕ ಇದೇ ತಾನೇ? ಎರಡು ಬಗೆಯ ಕಾಲವನ್ನು ಒಂದೇ ಕಥೆಯಲ್ಲಿ ಇಡಬಾರದೆಂದೇನಿಲ್ಲ, ಆದರೆ ಯಾವುದು ಎಲ್ಲಿ ನಡೆಯುತ್ತದೆ ಎಂದು ಓದುಗನಿಗೆ ಮೊದಲೇ ಹೇಳಬೇಕು.

ಐವರು ಹೋದದ್ದಾದರೂ ಹೇಗೆ? ಡ್ರೇಕೊನ ಅಪ್ಪ ಲೂಸಿಯಸ್ ಮಾಲ್ಫಾಯ್ ಬಳಿ ಇನ್ನೊಂದು ಟೈಮ್-ಟರ್ನರ್ ಇತ್ತಂತೆ. ಅದಕ್ಕೆ ಐದು ನಿಮಿಷದ ಮಿತಿಯೂ ಇಲ್ಲ. ನಾಟ್ ಮಾಡಿದ್ದು ಅಗ್ಗದ ಲೋಹದ ಮಾದರಿ, ಇದು ಅಸಲಿ. ಡ್ರೇಕೊ ಈ ಗುಟ್ಟು ಹೊರಗೆಡಹುವುದು ಬೇರೆಲ್ಲ ದಾರಿಯೂ ಮುಚ್ಚಿದ ಮೇಲೆ, ಕೊನೆಯ ಅಂಕದಲ್ಲಿ. ಬೇಕಾದಾಗ ಜೇಬಿನಿಂದ ತೆಗೆಯುವ ಕೀಲಿಕೈ ಯಾವ ಬೀಗದ ಕುತೂಹಲವನ್ನೂ ಉಳಿಸುವುದಿಲ್ಲ.

ಡೆಲ್ಫಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಂಬಾಲಕಿ ಬೆಲ್ಲಾಟ್ರಿಕ್ಸ್‌ಗೂ ವೋಲ್ಡೆಮಾರ್ಟ್‌ಗೂ 1998ರ ಮೇ 2ರ ಕಾಳಗಕ್ಕೆ ಮುಂಚೆ ಮಾಲ್ಫಾಯ್ ಮನೆಯಲ್ಲಿ ಹುಟ್ಟಿದವಳು ಎನ್ನುತ್ತದೆ ನಾಟಕ. ಏಳನೆಯ ಪುಸ್ತಕದಲ್ಲಿ ಬೆಲ್ಲಾಟ್ರಿಕ್ಸ್ ಆ ವರ್ಷದ ವಸಂತದಲ್ಲಿ ಅದೇ ಮನೆಯಲ್ಲಿ ನಮ್ಮ ಕಣ್ಣೆದುರೇ ಇದ್ದಾಳೆ. ಬಸುರಿನ, ಬಾಣಂತನದ ಒಂದು ಗುರುತೂ ಇಲ್ಲ. ಅದಕ್ಕಿಂತ ದೊಡ್ಡ ಮಾತು ವೋಲ್ಡೆಮಾರ್ಟ್‌ನದು. ಸಾವೇ ಬಾರದಿರಲೆಂದು ಆತ್ಮವನ್ನು ತುಂಡು ತುಂಡು ಮಾಡಿಕೊಂಡವನಿಗೆ ವಾರಸುದಾರ ಯಾಕೆ ಬೇಕು?

ಹ್ಯಾರಿ ಮತ್ತು ಹರ್ಮಯನಿಯ ಪಾಡಿನ ಬಗ್ಗೆ ಮಾತ್ರ ಸುಮ್ಮನಿರಲಾಗದು, ಯಾಕೆಂದರೆ ಮಕ್ಕಳು ತಕರಾರು ತೆಗೆಯುವುದು ಹೆಚ್ಚಾಗಿ ಇಲ್ಲಿಯೇ. ಮಗನಿಗೆ 'ನೀನು ನನ್ನ ಮಗನಾಗಿರದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ' ಎನ್ನುವ ಅಪ್ಪ ಇರಲಾರನೆಂದಲ್ಲ. ಆ ಜಗಳವೇ ನಾಟಕದ ಜೀವಾಳ, ಚೆನ್ನಾಗಿಯೇ ಬಂದಿದೆ. ಆದರೆ ಹಾಗ್ವರ್ಟ್ಸ್‌ಗೆ ನುಗ್ಗಿ ಮುಖ್ಯೋಪಾಧ್ಯಾಯಿನಿ ಮ್ಯಾಕ್‌ಗೊನಾಗಲ್ ಅವರನ್ನೇ ಗದರಿಸಿ, ಎರಡು ಮಕ್ಕಳ ಗೆಳೆತನ ಮುರಿಯಲು ಯಾರು ಎಲ್ಲಿದ್ದಾರೆಂದು ತೋರಿಸುವ ಮರೌಡರ್ಸ್ ಮ್ಯಾಪ್ ಹಿಡಿದು ಕಾವಲು ಕಾಯಿರಿ ಎಂದು ಹೇಳುವ ಹ್ಯಾರಿ ಯಾವ ಹ್ಯಾರಿ? ದೊಡ್ಡವರು ತನ್ನಿಂದ ಸತ್ಯ ಮುಚ್ಚಿಟ್ಟರೆಂದು ಐದನೆಯ ಪುಸ್ತಕದುದ್ದಕ್ಕೂ ಕುದಿದವನು ಅವನು. ಇನ್ನು ಹರ್ಮಯನಿ: ಬದಲಾದ ಕಾಲದಲ್ಲಿ ರಾನ್‌ನನ್ನು ಮದುವೆಯಾಗದ್ದಕ್ಕೆ ಅವಳು ಮಕ್ಕಳನ್ನು ಹೀಯಾಳಿಸುವ ಕಹಿ ಮೇಡಂ ಆಗಿಬಿಟ್ಟಿದ್ದಾಳೆ. ಮಾಂತ್ರಿಕ ಸಚಿವೆಯಾಗುವ ಹುಡುಗಿಗೂ ಹಾಗಾಗದ ಹುಡುಗಿಗೂ ನಡುವೆ ಇರುವುದು ಒಬ್ಬ ಗಂಡ ಮಾತ್ರವೆಂದು ಇದರ ಅರ್ಥ. ಏಳು ಪುಸ್ತಕ ಓದಿ ಅವಳಂತಾಗಬೇಕೆಂದುಕೊಂಡ ಹುಡುಗಿಯರಿಗೆ ಕೊಡುವ ಉಡುಗೊರೆಯೇ ಇದು? ರೈಲಿನಲ್ಲಿ ತಿಂಡಿ ಮಾರುವ ಗಾಡಿಯ ಹೆಂಗಸಿನ ಕೈಗಳು ಚೂಪು ಮೊಳೆಗಳಾಗಿ, ಅವಳು ಕುಂಬಳದ ಪ್ಯಾಸ್ಟಿಯನ್ನು ಬಾಂಬಿನಂತೆ ಎಸೆಯುವ ದೃಶ್ಯವನ್ನು ನಗೆಗೆಂದು ಬಿಟ್ಟುಬಿಡೋಣ.

ಇಷ್ಟೆಲ್ಲ ಹೇಳಿದ ಮೇಲೆ ನ್ಯಾಯವಾದ ಮಾತನ್ನೂ ಹೇಳಬೇಕು. ಸ್ಕಾರ್ಪಿಯಸ್ ಮಾಲ್ಫಾಯ್ ಒಳ್ಳೆಯ ಸೃಷ್ಟಿ: ಪುಸ್ತಕದ ಹುಳು, ಹೆದರುಪುಕ್ಕಲ, ತನ್ನ ಬಗ್ಗೆ ತಾನೇ ನಗಬಲ್ಲವನು. ವೋಲ್ಡೆಮಾರ್ಟ್ ಗೆದ್ದ ಲೋಕದಲ್ಲಿ ಅವನೊಬ್ಬನೇ ಉಳಿದು ಹಾಗ್ವರ್ಟ್ಸ್ ಮೇಷ್ಟ್ರು ಸ್ನೇಪ್‌ನನ್ನು ಹುಡುಕಿಕೊಂಡು ಹೋಗುವ ದೃಶ್ಯಗಳು ಓದಿದರೂ ಎದೆಗೆ ತಟ್ಟುತ್ತವೆ. ರಂಗದ ಮೇಲಂತೂ ಇದರ ಕಥೆಯೇ ಬೇರೆ. 2017ರಲ್ಲಿ ಲಂಡನ್ನಿನಲ್ಲಿ ಒಂಬತ್ತು ಆಲಿವಿಯರ್ ಪ್ರಶಸ್ತಿ, 2018ರಲ್ಲಿ ನ್ಯೂಯಾರ್ಕಿನಲ್ಲಿ ಶ್ರೇಷ್ಠ ನಾಟಕವೂ ಸೇರಿದಂತೆ ಆರು ಟೋನಿ. ಕಾಲ ಜಾರುವಾಗ ಇಡೀ ರಂಗವೇ ನೀರಿನ ಹಾಗೆ ನಡುಗಿದಂತೆ ಕಾಣಿಸುತ್ತಾರೆ. ಮುನಿಸಿಕೊಂಡ ಗೆಳೆಯರಿಬ್ಬರು ಚಲಿಸುವ ಮೆಟ್ಟಿಲುಗಳ ಮೇಲೆ ಮಾತಿಲ್ಲದೆ ಹಾದುಹೋಗುವ ದೃಶ್ಯವೊಂದಿದೆ. ಅದು ಪುಸ್ತಕದಲ್ಲಿ ಕೆಲವೇ ಸಾಲು. ಪ್ರಶಸ್ತಿ ಬಂದದ್ದು ನಾಟಕಕ್ಕೆ. ನಾವು ಕೊಂಡು ಕಪಾಟಿನಲ್ಲಿಟ್ಟದ್ದು ಅದರ ನಕ್ಷೆ.

ಹಾಗಾದರೆ ಏನು ಮಾಡಬೇಕು? ಗ್ರಂಥಾಲಯದಲ್ಲಿ ಡ್ಯೂಯಿ ವರ್ಗೀಕರಣ ಬಳಸುವವರು 823 ಎಂದು ಹಾಕಿದ್ದರೆ ಅದನ್ನು 822 ಮಾಡಿ. ಮೊದಲನೆಯದು ಇಂಗ್ಲಿಷ್ ಕಥೆ-ಕಾದಂಬರಿ, ಎರಡನೆಯದು ಇಂಗ್ಲಿಷ್ ನಾಟಕ. ಬೆಂಗಳೂರಿನಲ್ಲೇ 1962ರಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನ ಸಂಸ್ಥೆ ಕಟ್ಟಿದ ರಂಗನಾಥನ್ ಅವರ ಕೋಲನ್ ಪದ್ಧತಿ ಬಳಸುವವರಿಗೆ ಅಲ್ಪವಿರಾಮದ ನಂತರದ 3 ಹೋಗಿ 2 ಬರಬೇಕು. ಪರಿಗ್ರಹಣ ಸಂಖ್ಯೆ ಮುಟ್ಟಬೇಕಾಗಿಲ್ಲ. ಬೆನ್ನಿನ ಚೀಟಿಯಲ್ಲಿ ರೋಲಿಂಗ್ ಹೆಸರಿನ ಮೊದಲ ಅಕ್ಷರಗಳಿದ್ದರೆ ತೆಗೆದು ಥಾರ್ನ್ ಹೆಸರಿನವನ್ನು ಹಾಕಿ, ರೋಲಿಂಗ್ ಮತ್ತು ಟಿಫನಿಗೆ ಹೆಚ್ಚುವರಿ ನಮೂದು ಮಾಡಿದರೆ ಹೆಸರಿನಿಂದ ಹುಡುಕುವವರಿಗೂ ಸಿಗುತ್ತದೆ. ಗ್ರಂಥಾಲಯ ತಂತ್ರಾಂಶಗಳಾದ ಕೋಹಾ ಅಥವಾ ಇ-ಗ್ರಂಥಾಲಯದಲ್ಲಿ ಸರಣಿಯ ಖಾನೆಗೆ 8 ಎಂದು ತುಂಬಿದ್ದರೆ ಅಳಿಸಿ. ಇದೊಂದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ, ಏಳನೆಯದು ಹಿಂತಿರುಗಿಸಿದ ಮಗು ಹುಡುಕಿದಾಗ ಪರದೆ ಮತ್ತೆ ಎಂಟನ್ನೇ ತೋರಿಸುತ್ತದೆ.

ಕೊಳ್ಳುವುದಿದ್ದರೆ ಆವೃತ್ತಿ ನೋಡಿ ಕೊಳ್ಳಿ. 2016ರದ್ದು ತಾಲೀಮಿನ ಹಂತದ ವಿಶೇಷ ಪ್ರತಿ. 2017ರದ್ದು ಅಂತಿಮ ರಂಗಪಠ್ಯ. ಅದರಲ್ಲಿ ತಿದ್ದಿದ ಮಾತುಗಳ ಜೊತೆಗೆ ಟಿಫನಿ ಮತ್ತು ಥಾರ್ನ್ ಸಂವಾದ, ಪಾಟರ್ ವಂಶವೃಕ್ಷ, ಘಟನೆಗಳ ಕಾಲಾನುಕ್ರಮಣಿಕೆ ಇವೆ. ಹಳೆಯ ದಾಸ್ತಾನು ಅಗ್ಗಕ್ಕೆ ಸಿಕ್ಕಿತೆಂದು ತರಿಸಬೇಡಿ. ಅಂಗಡಿಯವರಿಗೆ ಒಂದೇ ಕೋರಿಕೆ: ಎಂಟನ್ನೂ ಒಂದೇ ಕಟ್ಟಾಗಿ ಕಟ್ಟಿ ಪೂರ್ಣ ಸರಣಿ ಎಂದು ಮಾರಬೇಡಿ. ಎಚ್‌ಬಿಒ ಏಳೂ ಕಾದಂಬರಿಗಳನ್ನು ಹೊಸದಾಗಿ ಕಿರುತೆರೆಗೆ ತರುವುದಾಗಿ 2023ರಲ್ಲೇ ಘೋಷಿಸಿದೆ. ಹೊಸ ಓದುಗರು ಬರುವ ಹೊತ್ತು ಇದು.

ಮಕ್ಕಳಿಗೆ ಓದಿಸುವುದಿದ್ದರೆ ಗಟ್ಟಿಯಾಗಿ, ಪಾತ್ರ ಹಂಚಿ ಓದಿಸಿ. ಇಡೀ ನಾಟಕ ಬೇಡ. ಅಪ್ಪ-ಮಗನ ಹೊದಿಕೆಯ ಜಗಳ, ಸ್ಕಾರ್ಪಿಯಸ್-ಸ್ನೇಪ್ ಭೇಟಿ, ಇವೆರಡೇ ಒಂದು ಗ್ರಂಥಾಲಯ ಅವಧಿಗೆ ಬೇಕಾದಷ್ಟು. ರಂಗಸೂಚನೆ ಓದುವುದಕ್ಕೆಂದೇ ಒಬ್ಬರನ್ನು ಬೇರೆ ಇಡಿ, ತರಗತಿಯಲ್ಲಿ ಚೆನ್ನಾಗಿ ಓದುವವರನ್ನೇ. ಸಾಮಾನ್ಯವಾಗಿ ಈ ಕೆಲಸ ಯಾರಿಗೂ ಬೇಡದ ಮಗುವಿನ ಪಾಲಿಗೆ ಬರುತ್ತದೆ, ಆಗ ಯಾರು ಎಲ್ಲಿದ್ದಾರೆ, ಯಾವ ವರ್ಷದಲ್ಲಿದ್ದಾರೆ ಎಂಬುದೇ ತಿಳಿಯದೆ ಓದು ಕುಸಿಯುತ್ತದೆ. ಮುಂದೆ ಇನ್ನಷ್ಟು ದೃಶ್ಯ ಓದಿಸುವುದಾದರೆ ಕರಿಹಲಗೆಯ ಮೇಲೆ 1981, 1994, 1995, 2020 ಎಂದು ನಾಲ್ಕು ಅಂಕಣ ಎಳೆದು, ದೃಶ್ಯ ಬದಲಾದಾಗ ಪಾತ್ರದ ಹೆಸರನ್ನು ಆಯಾ ಅಂಕಣಕ್ಕೆ ಸರಿಸುತ್ತಾ ಹೋಗಿ. ಮೇಲೆ ಹೇಳಿದ ಬಿರುಕುಗಳನ್ನು ಮಕ್ಕಳು ತಾವೇ ಹಿಡಿಯುತ್ತಾರೆ.

ಶಾಲೆಯಲ್ಲೇ ಒಂದು ದೃಶ್ಯ ಆಡಿಸುವ ಆಸೆಯಾದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅಡಿ ಶಿಕ್ಷಕರೂ ವಿದ್ಯಾರ್ಥಿಗಳೂ ಶಾಲೆಯ ಚಟುವಟಿಕೆಯಾಗಿ, ಶಾಲೆಯವರು ಮತ್ತು ಪೋಷಕರ ಮುಂದಷ್ಟೇ ಆಡಲು ಅವಕಾಶವಿದೆ. ಊರವರನ್ನೆಲ್ಲ ಕರೆದು ಟಿಕೆಟ್ ಇಟ್ಟರೆ ಹಕ್ಕುದಾರರ ಅನುಮತಿ ಬೇಕು.

ಪುಸ್ತಕದ ಒಳರಟ್ಟಿಗೆ ಚೀಟಿ ಅಂಟಿಸುವವರು ಇಷ್ಟು ಬರೆದರೆ ಸಾಕು: 'ಇದು ನಾಟಕ. ಬರೆದವರು ಜಾಕ್ ಥಾರ್ನ್. ಏಳು ಕಾದಂಬರಿಗಳನ್ನು ಓದಿ ಮುಗಿಸಿದವರಿಗೆ.'

ಇತಿ,
ಮಕ್ಕಳಿಗೆ ಪುಸ್ತಕ ಆರಿಸುವ, ಓದಿಸುವ ಕೆಲಸದಲ್ಲಿರುವ ಕೆಲವರು